ಓನರಮ್ಮ ಉಕ್ಕಿಸಿದ ಹಾಲು

ಈ ಬೆಳಿಗ್ಗೆ ಒಲೆಯ ಮೇಲಿಟ್ಟ ಹಾಲು ಉಕ್ಕಿ ಚೆಲ್ಲಿತು. ಸೀದ ಆ ವಾಸನೆಯೊಡನೆ, ಶಿಡ್ಲಘಟ್ಟದಲ್ಲಿ ಶಾಲಾ ಮೇಷ್ಟ್ರಾಗಿದ್ದಾಗ ನಾನು ಬಾಡಿಗೆಗಿದ್ದ ಮನೆಯ ಒಡತಿ ನೆನಪಾದರು. ಬೀದಿಗೆಲ್ಲ ಆಕೆ ಓನರಮ್ಮ, ನನಗೂ ಅಷ್ಟೆ.

ರೇಷ್ಮೆ ನೂಲು ಬಿಚ್ಚುವ ಘಟಕವೊಂದರ ಹಿಂದೆ, ತೀರಿಕೊಂಡ ಪತಿಯ ನಿವೇಶನದಲ್ಲಿ ಅವರು ನಾಲ್ಕು ಮನೆಗಳನ್ನು ಕಟ್ಟಿಸಿದ್ದರು. ಯಾರು ಹೊಸದಾಗಿ ಬಂದರೂ ಮೊದಲ ಹಾಲನ್ನು ತಾವೇ ಉಕ್ಕಿಸಿ, ಆಮೇಲೆಯೇ ಬೀಗದಕೈ ಕೊಡುತ್ತಿದ್ದರು. ತಿಂಗಳ ಬಾಡಿಗೆಯವನು ನಾನೊಬ್ಬನೇ. ಉಳಿದ ಮೂರು ಮನೆಗಳು ಭೋಗ್ಯಕ್ಕೆ ಹೋಗಿದ್ದವು: ಒಮ್ಮೆಗೇ ದೊಡ್ಡ ಮೊತ್ತ ಪಡೆದು, ಬಾಡಿಗೆ ಕೇಳದೆ, ಅವಧಿ ಮುಗಿದಾಗ ಪೂರ್ತಿ ಹಣ ಹಿಂದಿರುಗಿಸುವ ಕರಾರು. ಕಟ್ಟುವಾಗಲೇ ಪಡೆದಿದ್ದ ಆ ಹಣ ತಾರಸಿಯಾಗಿತ್ತು, ಕಿಟಕಿ ಬಾಗಿಲುಗಳಾಗಿತ್ತು.

ಅವಧಿ ಮುಗಿಯಿತು. ಮೂವರೂ ಹಣ ಕೇಳಿದರು, ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಬಾಡಿಗೆಯ ಆದಾಯ ನೋಡಿ ಸಾಲ ಕೊಡುತ್ತಾರೆಂದು ಯಾರೋ ಹೇಳಿದ್ದರಿಂದ, ಓನರಮ್ಮ ನನ್ನನ್ನು ಜೊತೆ ಮಾಡಿಕೊಂಡು ಚಿಕ್ಕಬಳ್ಳಾಪುರದ ಬ್ಯಾಂಕಿಗೆ ಹೊರಟರು. ಸಾಲ ತಂದು ಭೋಗ್ಯ ಬಿಡಿಸುವುದು, ಮನೆಗಳನ್ನು ಬಾಡಿಗೆಗೆ ಕೊಡುವುದು, ಆ ಬಾಡಿಗೆಯಿಂದಲೇ ಕಂತು ಕಟ್ಟುವುದು... ಬಸ್ಸಿನಲ್ಲಿ ಇದೇ ಮಾತು.

"ಅಮ್ಮ, ನಾಲ್ಕು ಮನೇಲಿ ಬಾಡಿಗೆ ಬರ್ತಿರೋದು ಒಂದರದ್ದೇ," ಎಂದರು ಅಧಿಕಾರಿ. "ಅದಕ್ಕೆ ಎಷ್ಟು ಸಾಲ ಕೊಡೋಕಾಗುತ್ತೆ? ಮಿಕ್ಕಿದ್ದಕ್ಕೂ ಬಾಡಿಗೆ ಬರಲಿ, ಆಮೇಲೆ ಬನ್ನಿ."

"ಅವ್ರು ಖಾಲಿ ಮಾಡಿದ್ರೆ ತಾನೇನಪ್ಪ ಬಾಡಿಗೆ? ದುಡ್ಡು ಕೊಟ್ರೆ ತಾನೇ ಅವ್ರು ಖಾಲಿ ಮಾಡೋದು?"

ಅಧಿಕಾರಿ ಕಾಗದಗಳನ್ನು ಜೋಡಿಸಿ ಅವರತ್ತ ಸರಿಸಿದರು. ಓನರಮ್ಮ ನನ್ನತ್ತ ತಿರುಗಿದರು. "ನೀವಾದ್ರೂ ಹೇಳಿ ಮೇಷ್ಟ್ರೇ. ಊರೋರ ತಪ್ಪೆಲ್ಲ ತಿದ್ದೋರು ನೀವು."

ಇಬ್ಬರ ಮಾತಿನಲ್ಲೂ ತಿದ್ದಬೇಕಾದ ತಪ್ಪು ನನಗೆ ಕಾಣಲಿಲ್ಲ.

ವರ್ಷ ತುಂಬುವ ಮೊದಲೇ ಕಟ್ಟಡ ಮಾರಾಟವಾಯಿತು. ಮೂವರ ಹಣವನ್ನೂ ತೀರಿಸಿ, ಓನರಮ್ಮ ಚಿಂತಾಮಣಿಯಲ್ಲಿ ಒಂದು ಕೋಣೆಯ ಮನೆಯನ್ನು ಬಾಡಿಗೆಗೆ ಹಿಡಿದರು. ಸಾಮಾನು ಇಳಿಸಲು ನಾನೂ ಹೋಗಿದ್ದೆ. ಅಲ್ಲಿಯೂ ಹಾಲಿಟ್ಟರು. ಅದು ಉಕ್ಕಿದೊಡನೆ, ಸೊಂಟದಲ್ಲಿದ್ದ ಬೀಗದಕೈ ತೆಗೆದು, ಸೆರಗಿನಿಂದ ಒರೆಸಿ ನನ್ನತ್ತ ಚಾಚಿದರು. ಮರುಕ್ಷಣವೇ ಕೈ ಹಿಂದಕ್ಕೆಳೆದುಕೊಂಡು, "ನೋಡಿ, ಬಾಡಿಗೆಯೋಳು ನಾನು," ಎಂದು ನಕ್ಕರು... ನನಗೆ ನಗಲಾಗಲಿಲ್ಲ.

ಒಲೆ ಒರೆಸುತ್ತಿದ್ದೇನೆ. ಆ ನಾಲ್ಕು ಮನೆಗಳಿಂದಲೂ ಈಗ ತಿಂಗಳು ತಿಂಗಳು ಬಾಡಿಗೆ ಬರುತ್ತಿದೆಯಂತೆ. ಅದನ್ನು ತೋರಿಸಿದರೆ ಸಾಲ ಸಿಗುತ್ತದೆ. ತೋರಿಸಬೇಕಾಗಿದ್ದ ಓನರಮ್ಮ ಈಗ ಆ ಮನೆಗಳ ಓನರಲ್ಲ.