ಶಾರದಮ್ಮ ಮೇಡಂ ಕೊಡದ ಹೆಸರುಗಳು

ಶಾರದಮ್ಮ ಮೇಡಂ ದನಿಯೆತ್ತಿದರೆ ದೇವನಹಳ್ಳಿ ಬಳಿಯ ನಮ್ಮ ವಿಜಯಪುರದ ಪೇಟೆಬೀದಿಗೆಲ್ಲ ಕೇಳುತ್ತದೆ ಎಂದು ನಾವು ಹುಡುಗಿಯರು ನಗುತ್ತಿದ್ದೆವು. ಅಂಕ ಹೇಳುವಾಗ ಮಾತ್ರ ಆ ಕಂಠ ಪಿಸುಮಾತಾಗುತ್ತಿತ್ತು. ಒಬ್ಬೊಬ್ಬಳನ್ನೇ ಮೇಜಿನ ಬಳಿ ಕರೆದು, ಅವಳಿಗಷ್ಟೇ ಕೇಳುವಂತೆ ಹೇಳುತ್ತಿದ್ದರು. ಮೊದಲಿದ್ದ ಹೆಡ್‌ಮಾಸ್ಟರು ಸ್ಕಾಲರ್‌ಶಿಪ್ ಬಂದಾಗಲೆಲ್ಲ ಜಾತಿ ಕೂಗಿ ಮಕ್ಕಳನ್ನು ಎದ್ದು ನಿಲ್ಲಿಸುತ್ತಿದ್ದರು. ಮೇಡಂ ಹೆಡ್‌ಮಿಸ್ಟ್ರೆಸ್ ಆಗಿ ಬಂದ ವರ್ಷವೇ ಅದು ನಿಂತುಹೋಯಿತು.

ಅರವತ್ತರ ದಶಕದ ಕೊನೆ. ನಾನು ಒಂಬತ್ತನೇ ಕ್ಲಾಸು. ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯ ಸಾಹುಕಾರರು ಒಂದು ದಿನ ಶಾಲೆಗೆ ಬಂದರು. ಸ್ಕೂಲ್ ಕಮಿಟಿಯ ಅಧ್ಯಕ್ಷರೂ ಅವರೇ. ಹೊಸ ಕೊಠಡಿಗೆ ಹೆಂಚು ಹೊದಿಸಿಕೊಡುವುದಾಗಿ ಮಾತು ಕೊಟ್ಟಿದ್ದರು. ಪಕ್ಕದ ಕೊಠಡಿಯಲ್ಲಿದ್ದ ನಮಗೆ ಮಾತೆಲ್ಲ ಕೇಳುತ್ತಿತ್ತು.

"ಮೇಡಮ್ಮೋರೆ, ಫೇಲಾಗೋ ಹುಡುಗೀರ ಹೆಸರು, ಅವರ ಮನೆ ಪರಿಸ್ಥಿತಿ ಹೇಳ್ಬಿಡಿ. ಓದು ಹತ್ತದೋರಿಗೆ ನಮ್ಮಲ್ಲಿ ಕೆಲಸ ಕೊಡ್ತೀನಿ. ಪುಣ್ಯದ ಕೆಲಸ ಅಲ್ವಾ?"

ಲೆಕ್ಕದಲ್ಲಿ ನಾನು ಎರಡು ಸಲ ಫೇಲಾಗಿದ್ದೆ. ಅಪ್ಪ ದುಡಿಯುತ್ತಿದ್ದುದು ಅವರ ಕಾರ್ಖಾನೆಯಲ್ಲೇ. ಸಾಹುಕಾರರು ಬಾಯಿಬಿಟ್ಟರೆ ಅಪ್ಪ ಇಲ್ಲವೆನ್ನುವ ಹಾಗಿರಲಿಲ್ಲ. ಮರುದಿನವೇ ನಾನು ಕುದಿನೀರಿನ ಮುಂದೆ ಕೂತು ರೇಷ್ಮೆಗೂಡು ಬಿಚ್ಚಬೇಕಾಗುತ್ತಿತ್ತು.

"ಕೆಲಸ ಕೊಡೋದಾದ್ರೆ ಬಾಗಿಲಿಗೆ ಬೋರ್ಡ್ ಹಾಕಿ ಸ್ವಾಮಿ, ಬೇಕಾದೋರು ಬರ್ತಾರೆ," ಎಂದರು ಮೇಡಂ. "ಮಕ್ಕಳು ನಮ್ಮನ್ನ ನಂಬಿ ಮನೆ ವಿಷಯ ಹೇಳ್ಕೊಂಡಿರೋದು ಓದೋಕೆ. ಅದನ್ನ ಬೇರೆಯವರಿಗೆ ಕೊಡೋ ಹಕ್ಕು ನನಗಿಲ್ಲ."

"ಹಂಗಾದ್ರೆ ಹೆಂಚು ಬೇಡ್ವಾ?"

"ಬೇಕು. ಹುಡುಗೀರ ಹೆಸರು ಕೊಟ್ಟು ಬೇಡ."

ಮೇಡಂ ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ಕಮಿಟಿ ಸಭೆಗೆ ತಾಯಂದಿರನ್ನೂ ಕರೆಸಿದರು. ಮಗುವಿನ ಅಂಕ, ಜಾತಿ, ಮನೆಯ ವಿಷಯವನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಹೊರಗಿನವರಿಗೆ ತಿಳಿಸಕೂಡದು, ಅಧ್ಯಕ್ಷರು ಕೇಳಿದರೂ ಸರಿಯೇ ಎಂದು ಠರಾವು ಓದಿದರು. ಸಾಹುಕಾರರ ಮುಖ ಗಂಟಿಕ್ಕಿತು. ಆಗ ನನ್ನ ಗೆಳತಿ ಷಾಹೀನಾಳ ಅಮ್ಮ ಎದ್ದರು.

"ನಮ್ಮ ಮಗಳ ವಿಷಯ ನಮಗೆ ಹೇಳಿದ್ರೆ ಸಾಕು. ಊರಿಗ್ಯಾಕೆ?"

ಒಬ್ಬೊಬ್ಬರಾಗಿ ಉಳಿದ ತಾಯಂದಿರೂ ಹೌದೆಂದರು. ಠರಾವು ಪಾಸಾಯಿತು, ಹೆಂಚು ಬರಲಿಲ್ಲ. ವರ್ಷವಿಡೀ ಹೊಂಗೆಮರದ ಕೆಳಗೆ ಪಾಠ ನಡೆಯಿತು. ನನಗೆ ಲೆಕ್ಕ ತಲೆಗೆ ಹತ್ತಿದ್ದೂ ಅಲ್ಲೇ. ಸಂಜೆ ಶಾಲೆ ಬಿಟ್ಟ ಮೇಲೆ ಮೇಡಂ ಕೂರಿಸಿಕೊಂಡು ಹೇಳಿಕೊಡುತ್ತಿದ್ದರು.

ಅವರನ್ನು ಕೊನೆಯದಾಗಿ ಕಂಡದ್ದು ದೇವನಹಳ್ಳಿಯಲ್ಲಿ, ಬಸ್ಸಿಗೆ ಕಾಯುವಾಗ. ಆಗ ನನಗೆ ಮದುವೆಯಾಗಿತ್ತು, ಟೀಚರ್ ಕೆಲಸವೂ ಸಿಕ್ಕಿತ್ತು. ಜೊತೆಗಿದ್ದ ನಮ್ಮತ್ತೆ ಕೇಳಿಯೇಬಿಟ್ಟರು: "ನಮ್ ಸೊಸೆ ಓದಿನಲ್ಲಿ ಹೆಂಗಿದ್ಲು ಮೇಡಮ್ಮೋರೆ?"

ಮೇಡಂ ನನ್ನತ್ತ ನೋಡಿ ನಕ್ಕರು. "ಅದನ್ನ ಅವಳನ್ನೇ ಕೇಳ್ಬೇಕಮ್ಮಾ."

ಕೋಲಾರದ ಬಸ್ಸು ಬಂತು. ತಲೆ ನೇವರಿಸಿ ಹತ್ತಿಕೊಂಡರು. ಬಸ್ಸು ಮರೆಯಾದ ಮೇಲೆ ಅತ್ತೆ ನನ್ನ ಮುಖ ನೋಡಿದರು.

"ಲೆಕ್ಕದಲ್ಲಿ ಎರಡು ಸಲ ಫೇಲಾಗಿದ್ದೆ ಅತ್ತೆ," ಎಂದೆ, ಒಂದಿಷ್ಟೂ ಅಳುಕದೆ.