ಗಡಿಯಾರ ತಪ್ಪಿದ ವರ್ಚುವಲ್ ಮಷೀನ್

ಕಂಕನಾಡಿಯ ಒಂದು ಲ್ಯಾಬಿನಲ್ಲಿ ನಾನು ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಒಮ್ಮೆ ಮ್ಯಾನೇಜರ್ ತಾನೇ ರೋಗಿಗಳ ರಿಪೋರ್ಟುಗಳನ್ನು ಅಳಿಸಿಹಾಕಿ, ತಪ್ಪನ್ನು ಎಲ್ಲರೆದುರು ನನ್ನ ತಲೆಗೆ ಕಟ್ಟಿದ. ನಾನು ಕೆಲಸ ಬಿಟ್ಟೆ. ಬಿಜೈಯಲ್ಲಿ ಬೇರೆ ಕೆಲಸ ಸಿಕ್ಕಿದರೂ ಹೊಟ್ಟೆಯೊಳಗಿನ ಉರಿ ಆರಲಿಲ್ಲ.

ಕಳೆದ ವರ್ಷ ಅವನದೇ ಫೋನ್ ಬಂತು. ಹಳೆಯ ಸರ್ವರ್ ಕೆಟ್ಟು, ಅದರೊಳಗಿದ್ದ ವರ್ಚುವಲ್ ಮಷೀನನ್ನು, ಅಂದರೆ ಸಾಫ್ಟ್‌ವೇರಿನಿಂದಲೇ ನಡೆಯುವ ಕಂಪ್ಯೂಟರನ್ನು, ಹೊಸ ಸರ್ವರಿಗೆ ಸಾಗಿಸಿದ್ದರಂತೆ. ಈಗ ಅದರ ಆಪರೇಟಿಂಗ್ ಸಿಸ್ಟಮ್ ಲೈಸೆನ್ಸ್ ಖಾತ್ರಿಯಾಗಿ ಆಕ್ಟಿವೇಟ್ ಆಗದೆ, ಮತ್ತೆ ಮತ್ತೆ ತಾನಾಗಿ ಆಫ್ ಆಗುತ್ತಿತ್ತು.

“ಒಮ್ಮೆ ಬಂದು ನೋಡ್ತೀರಾ ಮೇಡಂ? ರಿಪೋರ್ಟ್ ಕೊಡ್ಲಿಕ್ಕೆ ಆಗ್ತಾ ಇಲ್ಲ.”

ಹೋದೆ. ಮಷೀನಿನ ಗಡಿಯಾರ ವರ್ಷಗಟ್ಟಲೆ ಹಿಂದಿರುವುದು ಕೂಡಲೇ ಕಣ್ಣಿಗೆ ಬಿತ್ತು. ತಾರೀಕು ತಪ್ಪಿದ್ದರಿಂದ, ಲೈಸೆನ್ಸ್ ಪರೀಕ್ಷಿಸುವ ಕಂಪನಿಯ ಆಕ್ಟಿವೇಶನ್ ಸರ್ವರ್ ಅದನ್ನು ಒಪ್ಪುತ್ತಿರಲಿಲ್ಲ. ಆದರೆ ನಾನು ಕೀಬೋರ್ಡ್ ಮುಟ್ಟದೆ ಕೈಕಟ್ಟಿ ಕುಳಿತೆ.

“ಎಂತ ಆಗಿದೆ?” ಎಂದ ಮ್ಯಾನೇಜರ್.

“ಗೊತ್ತಾಯ್ತು. ಸರಿ ಮಾಡ್ತೇನೆ. ಮೊದಲು ಅವತ್ತು ರಿಪೋರ್ಟ್ ಅಳಿಸಿದ್ದು ಯಾರು ಅಂತ ಇವರಿಗೆಲ್ಲ ಹೇಳಿ.”

ಸಿಬ್ಬಂದಿಯೆಲ್ಲ ತಿರುಗಿ ನೋಡಿದರು. ಅವನ ಮುಖ ಕಪ್ಪಿಟ್ಟಿತು. “ನಾನೇ,” ಎಂದು ಗೊಣಗಿದ.

“ಕೇಳ್ಲಿಲ್ಲ ಸರ್.”

“ನಾನೇ ಅಳಿಸಿದ್ದು ಮಾರಾಯ್ತಿ!”

ಆ ಮಾತು ಕಿವಿಗೆ ಎಷ್ಟು ಹಿತವಾಗಿತ್ತೆಂದು ಹೇಳಲಾರೆ. ಗಡಿಯಾರ ಸರಿಪಡಿಸಿ ಲೈಸೆನ್ಸ್ ಕೀ ಮತ್ತೆ ಹಾಕಿದೆ. ತಕ್ಷಣ ಆಕ್ಟಿವೇಟ್ ಆಯಿತು. ರಿಸೆಪ್ಷನಿಸ್ಟ್ ಬಾಗಿಲವರೆಗೂ ಬಂದು ಕೈ ಹಿಡಿದು, “ಇಷ್ಟು ದಿನ ನಿಮ್ಮನ್ನೇ ಬೈದುಕೊಂಡಿದ್ದೆ,” ಎಂದು ಅತ್ತಳು. ಅವಳನ್ನು ಅಲ್ಲೇ ಕ್ಷಮಿಸಿದೆ. ಅವನನ್ನು ಇನ್ನೂ ಕ್ಷಮಿಸಿಲ್ಲ, ಕ್ಷಮಿಸುವ ಮನಸ್ಸೂ ಇಲ್ಲ.