ಸ್ಲ್ಯಾಬಿನ ಮರುದಿನ

ಭಾಲ್ಕಿಯಲ್ಲಿ ಹೊಸದಾಗಿ ಎದ್ದ ಮಾಳಿಗೆಗಳಲ್ಲಿ ಅರ್ಧದಷ್ಟು ಸಾಯಗಾಂವದ ಜಿಜಾಬಾಯಿಯ ಕೈ ದಾಟಿಯೇ ಮೇಲೇರಿದವು ಎಂದರೆ ಹೆಚ್ಚು ಹೇಳಿದಂತಲ್ಲ. ಸ್ಲ್ಯಾಬ್ ಹಾಕುವ ಗುಂಪಿನಲ್ಲಿ ಅವಳು ಹಳಬಳು. ಕಲಸಿದ ಕಾಂಕ್ರೀಟಿಗೆ ಅವರೆಲ್ಲ ಮಾಲು ಎನ್ನುತ್ತಾರೆ. ಮಾಲಿನ ಬುಟ್ಟಿ ಬಂತೆಂದರೆ ಕೊಟ್ಟವರ ಮುಖ ಕೂಡ ನೋಡದೆ ಹಿಡಿದು ಮುಂದಿನವರಿಗೆ ದಾಟಿಸುವಳು. ಬಾಯಿಯೂ ಕೈಯಷ್ಟೇ ಚುರುಕು. ಬೆಳಿಗ್ಗೆ ಒಬ್ಬರ ಮನೆ, ಸಂಜೆಗೆ ಕೂಲಿ, ಮರುದಿನ ಇನ್ಯಾರದೋ ಮನೆ. ಹೀಗೇ ಅವಳ ವಯಸ್ಸು ಕಳೆದಿತ್ತು.

ಮಾಂಜ್ರಾ ನದಿ ಬರೀ ಮರಳಾದ ಆ ಬೇಸಿಗೆಯಲ್ಲಿ ಔರಾದ, ಭಾಲ್ಕಿ ಕಡೆಯ ಊರುಗಳು ಪುಣೆಗೆ, ಹೈದರಾಬಾದಿಗೆ ಗುಳೆ ಹೋಗುತ್ತಿದ್ದವು. ವೆಲ್ಡಿಂಗ್ ಬಲ್ಲ ಅವಳ ಗಂಡ ನರಸಿಂಗನಿಗೂ, ಆಳುಗಳನ್ನು ಕರೆದೊಯ್ಯುವ ಮುಕಾದಮ ಪುಣೆಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ಕೆಲಸ ಗೊತ್ತು ಮಾಡಿದ್ದ. ನೆಲದ ಮೇಲಿನ ಕೆಲಸ, ಏರುವುದಿಲ್ಲ ಇಳಿಯುವುದಿಲ್ಲ ಎಂದು ಆಣೆಯನ್ನೂ ಮಾಡಿದ್ದ. ಜಿಜಾಬಾಯಿ ನಂಬಲಿಲ್ಲ. ಹೋದ ವರ್ಷ ನರಸಿಂಗ ಅಲ್ಲಿ ಕಟ್ಟಡವೊಂದರ ಅಟ್ಟಣಿಗೆಯಿಂದ ಬಿದ್ದಿದ್ದ. ಇವಳಿಗೆ ಸುದ್ದಿ ಮುಟ್ಟಿದ್ದು ಅವನು ಆಸ್ಪತ್ರೆಯಲ್ಲಿ ಎದ್ದು ಕುಳಿತ ಮೇಲೆ. ಪುಣೆ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಅವಳು ಎದ್ದು ಹೋಗಿಬಿಡುತ್ತಿದ್ದಳು.

ಉಳಿದಿದ್ದ ಆಸೆ ಒಂದೇ, ಖಾಜಾ ಮಿಯಾನ ದುಕಾನ. ಭಾಲ್ಕಿಯ ಇಕ್ಕಟ್ಟಾದ ಗಲ್ಲಿಯೊಂದರ ಕೊನೆಗೆ ಅವನು ಗೇಟು, ಗ್ರಿಲ್ಲು ಮಾಡುವ ಸಣ್ಣ ವರ್ಕ್‌ಶಾಪ್ ಕಟ್ಟಿಸುತ್ತಿದ್ದ. "ದುಕಾನ ಏಳಲಿ, ನರಸಿಂಗಗ ಕೆಲಸ ನಾ ಕೊಡ್ತೇನಿ" ಎಂದು ತಾನಾಗಿಯೇ ಹೇಳಿದ್ದ. ಗೋಡೆಗಳು ಎದ್ದಾಗಿತ್ತು. ನರಸಿಂಗ ಸಂಜೆಯ ರೈಲಿಗೆ ಹೊರಡಬೇಕಾದ ದಿನವೇ ಅಲ್ಲಿ ಸ್ಲ್ಯಾಬ್ ಬೀಳುವುದಿತ್ತು.

ಗಲ್ಲಿಯಾದರೋ, ಎದುರಿಗೆ ಎಮ್ಮೆ ಬಂದರೆ ಮನುಷ್ಯನೇ ಹಿಂದಕ್ಕೆ ನಡೆಯಬೇಕು, ಅಷ್ಟು ಕಿರಿದು. ಮಿಕ್ಸರ್ ದೊಡ್ಡ ರಸ್ತೆಯಲ್ಲೇ ನಿಂತಿತು. ಅಲ್ಲಿಂದ ದುಕಾನಿನವರೆಗೆ ಜನ ಸಾಲಾಗಿ ನಿಂತು ಬುಟ್ಟಿ ದಾಟಿಸಬೇಕು. ಆದರೆ ಗುಂಪಿನ ಅರ್ಧ ಮಂದಿ ಆಗಲೇ ಊರು ಬಿಟ್ಟಿದ್ದರು. ಗಲ್ಲಿ ತಿರುಗುವ ಜಾಗದಲ್ಲಿ ಜಿಜಾಬಾಯಿ ಒಬ್ಬಳೇ ಇಬ್ಬರ ಕೆಲಸ ಎಳೆದಳು. ಮಧ್ಯಾಹ್ನ ದಾಟುವಷ್ಟರಲ್ಲಿ ಅವಳ ಕಾಲ ಬಳಿ ತುಂಬಿದ ಬುಟ್ಟಿಗಳು ಕೂಡಿಬಿದ್ದವು. ಆ ಬಿಸಿಲಿಗೆ ಮಾಲು ಬಿಗಿಯತೊಡಗಿತು.

ಮೇಲೆ ಮಾಲು ಹರಡುತ್ತಿದ್ದ ಗೌಂಡಿ ಏಕನಾಥ ಕೂಗಿ ಹೇಳಿದ: "ಇನ್ನೊಂದ ಆಳ ಇಲ್ದ ಆಗಂಗಿಲ್ಲರಿ ಖಾಜಾಭಾಯಿ. ಅರ್ಧಕ್ಕ ನಿಂದ್ರಸ್ತೇನಿ, ಉಳಿದದ್ದು ನಾಳಿ."

"ಹಳೇ ಮಾಲಿಗಿ ಹೊಸಾದು ಜೋಡ ಬಿದ್ದಲ್ಲಿ ಸೋರ್ತದ. ಸೋರೋ ಮಾಳಗಿ ನನಗ ಬ್ಯಾಡ. ಹಾಕಿದ್ದು ತಗದ ಬಿಡ್ರಿ, ಮಂದಿ ಸಿಕ್ಕಾಗ ಮೊದಲಿಂದ ಮಾಡೋಣು," ಎಂದ ಖಾಜಾ ಮಿಯಾ.

ಮಂದಿ ಇನ್ನು ಯಾವಾಗ ಸಿಕ್ಕಾರು? ಜಿಜಾಬಾಯಿ ಬಿಗಿಯುತ್ತಿದ್ದ ಬುಟ್ಟಿಯೊಂದನ್ನು ಎತ್ತಿ ಮುಂದಿನವರತ್ತ ನೂಕಿದಳು. ಅಷ್ಟರಲ್ಲಿ ನರಸಿಂಗ ಹೆಗಲಿಗೆ ಚೀಲ ಹಾಕಿಕೊಂಡು ಹೇಳಿ ಹೋಗಲು ಬಂದ.

"ಚೀಲ ಅಲ್ಲಿಡ್ರಿ. ನನ್ನ ಬಾಜೂಕ ನಿಂದರ್ರಿ," ಎಂದಳು.

"ರೈಲು ಹೋಗ್ತದ. ಮುಕಾದಮ ನನ್ನ ಜಾಗಾ ಬ್ಯಾರೆದವರಿಗಿ ಕೊಡ್ತಾನ."

"ಕೊಡ್ಲಿ. ಇದೊಂದು ಬಿತ್ತಂದ್ರ ನಿಮಗ ಇಲ್ಲೇ ಕೆಲಸ. ರೈಲು ಯಾಕ ಬೇಕು?"

ನರಸಿಂಗ ಅವಳ ಮುಖ ನೋಡಿದ. ಸ್ಲ್ಯಾಬಿನ ವಿಷಯದಲ್ಲಿ ಅವಳ ಮಾತಿಗೆ ಎದುರು ಹೇಳಿದವರನ್ನು ಅವನು ಕಂಡಿರಲಿಲ್ಲ. ಚೀಲ ಇಳಿಸಿ ನಿಂತ. ಬುಟ್ಟಿಗಳು ಮತ್ತೆ ಓಡತೊಡಗಿದವು. ಜಿಜಾಬಾಯಿಗೆ ಆಗ ನಿಜಕ್ಕೂ ಖುಷಿಯಾಗಿತ್ತು. "ವೆಲ್ಡಿಂಗ್ ಮಾಡವರ ಕೈ ಇಷ್ಟು ಮೆತ್ತಗ ಇರ್ತಾವೇನ್ರಿ?" ಎಂದು ಗಂಡನನ್ನು ಕೆಣಕಿದಳು ಕೂಡ. ಸ್ಟೇಷನ್ ಕಡೆಯಿಂದ ರೈಲು ಕೂಗಿದಾಗ ಇಬ್ಬರೂ ತಲೆ ಎತ್ತಲಿಲ್ಲ.

ಹೊತ್ತು ಮುಳುಗುವಾಗ ಏಕನಾಥ ಕೊನೆಯ ಬುಟ್ಟಿ ಸುರಿದು ಹಲಗೆ ಎಳೆದು ಸಮ ಮಾಡಿದ. ಎಲ್ಲೂ ಜೋಡಿಲ್ಲದ ಸ್ಲ್ಯಾಬ್. ಖಾಜಾ ಮಿಯಾ ಸಂತೋಷದಿಂದ ಎಲ್ಲರಿಗೂ ಊಟ ಹಾಕಿದ. ಉಂಡು ಕೈ ತೊಳೆದ ಜಿಜಾಬಾಯಿ ಕೇಳಿದಳು, "ಖಾಜಾಭಾಯಿ, ಇವರು ನಾಳಿ ಎಷ್ಟೊತ್ತಿಗಿ ಬರಬೇಕ್ರಿ ಕೆಲಸಕ್ಕ?"

ಚೇಷ್ಟೆ ಮಾಡುತ್ತಿದ್ದಾಳೆಂದು ಅವನು ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ.

"ನಾಳಿ ಹ್ಯಾಂಗ ಆಗ್ತದ ಬಾಯಿ? ಒಳಗ ಕಾಲಿಡಾಕ ಜಾಗಾ ಎಲ್ಲದ? ಈ ಕಟಗಿ ಮೂರು ವಾರ ಮುಟ್ಟಂಗಿಲ್ಲ. ಆಮ್ಯಾಲ ಪ್ಲಾಸ್ಟರ್, ಕರೆಂಟು, ಮಷೀನು. ರಂಜಾನ್ ಈದ್ ಮುಗೀಲಿ, ಖರೇನೇ ಕರೀತೇನಿ."

ಅವಳು ಒಳಗೆ ಇಣುಕಿದಳು. ಹಸಿ ಸ್ಲ್ಯಾಬನ್ನು ಹೊತ್ತ ಕಟ್ಟಿಗೆಯ ಕಂಬಗಳು ಒತ್ತೊತ್ತಾಗಿ ನಿಂತಿದ್ದವು. ದಿನಾ ಕಾಣುವ ಕಂಬಗಳೇ. ಅವನ್ನು ತೆಗೆಯುವುದು ಯಾವಾಗ ಎಂದು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವಳ ತಲೆಗೆ ಬಂದಿರಲಿಲ್ಲ.

"ನಿನಗ ಗೊತ್ತಿದ್ದಿಲ್ಲೇನು?" ಎಂದು ನರಸಿಂಗ ಮೆಲ್ಲಗೆ ಕೇಳಿದ.

"ಸ್ಲ್ಯಾಬ್ ಬಿದ್ದ ಮರುದಿನ ನಾ ಎಂದಾದ್ರೂ ಅಲ್ಲಿ ಇದ್ದೀನೇನ್ರಿ?" ಎಂದಳು ಜಿಜಾಬಾಯಿ. ಅವನು ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡ.

ಈದ್ ಮುಗಿಯುವ ತನಕ ಅವಳೊಬ್ಬಳ ಕೂಲಿಯಲ್ಲಿ ಮನೆ ನಡೆಯುವಂತಿರಲಿಲ್ಲ. ಮರುದಿನ ಸಂಜೆ ನರಸಿಂಗ ಒಬ್ಬನೇ ಹೊರಟ. ಶೆಡ್ಡಿನ ಕೆಲಸ ಬೇರೆಯವನ ಪಾಲಾಗಿತ್ತು. ಇನ್ನು ಪುಣೆಯಲ್ಲಿ ಕೂಲಿಯವರು ನಿಲ್ಲುವ ನಾಕಾದಲ್ಲಿ ತಾನೂ ನಿಲ್ಲಬೇಕು. ಸ್ಟೇಷನ್ನಿನಲ್ಲಿ ಜಿಜಾಬಾಯಿ ಅವನ ತೋಳು ಬಿಡದೆ, "ಮ್ಯಾಲ ಏರೋ ಕೆಲಸ ಹಿಡೀಬ್ಯಾಡ್ರಿ" ಎಂದಳು.

"ಇನ್ನ ಯಾವ ಕೆಲಸಕ್ಕ ಕರೀತಾರೋ ಅದಕ್ಕ ಹೋಗಬೇಕಲ್ಲ," ಎಂದು ನರಸಿಂಗ ರೈಲು ಹತ್ತಿದ.